ಮುದ್ರೆಯ ಜೊತೆಗೆ ಲೆಕ್ಕವನ್ನೂ ಕೊಡಿ

ಗೆ,
ಮುಖ್ಯ ಕಾರ್ಯನಿರ್ವಹಣಾಧಿಕಾರಿಯವರು,
ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ,
ನವದೆಹಲಿ

ಮಾನ್ಯರೇ,

ಅಂಗಡಿಯ ಒಂದೇ ಸಾಲಿನಲ್ಲಿ ತೊಗರಿಬೇಳೆಯ ಎರಡು ಪೊಟ್ಟಣಗಳಿರುತ್ತವೆ. ಒಂದರ ಮೇಲೆ ನಿಮ್ಮ ‘ಜೈವಿಕ್ ಭಾರತ್’ ಮುದ್ರೆ. ಬೆಲೆಯೂ ಪಕ್ಕದ್ದಕ್ಕಿಂತ ಜಾಸ್ತಿ. ಆ ಹೆಚ್ಚುವರಿ ದುಡ್ಡು ಯಾತಕ್ಕೆ ಎಂದರೆ ಕೊಳ್ಳುವವರಿಂದ ಸಾಮಾನ್ಯವಾಗಿ ಬರುವ ಉತ್ತರ ಎರಡು: ವಿಷ ಇರುವುದಿಲ್ಲ, ಸತ್ವ ಹೆಚ್ಚು. ಮುದ್ರೆ ಇವೆರಡಕ್ಕೂ ಪೂರ್ತಿ ಹೊಣೆ ಹೊರುವುದಿಲ್ಲ. 2017ರ ನಿಮ್ಮ ಸಾವಯವ ಆಹಾರ ನಿಯಮಗಳ ಪ್ರಕಾರ ಅದು ಮುಖ್ಯವಾಗಿ ಹೇಳುವುದು, ಈ ಬೆಳೆಯನ್ನು ಎನ್‌ಪಿಒಪಿ ಇಲ್ಲವೇ ಪಿಜಿಎಸ್-ಇಂಡಿಯಾ ಎಂಬ ಸಾವಯವ ಪ್ರಮಾಣೀಕರಣ ವ್ಯವಸ್ಥೆಯ ಕಟ್ಟಳೆಗೆ ಒಳಪಟ್ಟು ಬೆಳೆದಿದ್ದಾರೆ ಎಂದು. ಬೆಳೆದ ಕ್ರಮಕ್ಕೆ ಸಿಕ್ಕ ಪ್ರಮಾಣಪತ್ರವನ್ನು ಜನ ಪೊಟ್ಟಣದೊಳಗಿನ ಬೇಳೆಯ ಪರೀಕ್ಷಾ ವರದಿ ಎಂದು ಓದುತ್ತಿದ್ದಾರೆ. ಸಾವಯವ, ಸಾಮಾನ್ಯ ಎರಡೂ ಬಗೆಯ ಆಹಾರದಲ್ಲಿ ಕೀಟನಾಶಕದ ಶೇಷ ಎಷ್ಟು ಸಿಕ್ಕಿತು ಎಂಬ ಲೆಕ್ಕವನ್ನು ಬೆಳೆವಾರು ಪ್ರಕಟಿಸದೆ ಈ ತಪ್ಪು ತಿಳಿವಳಿಕೆ ಹೋಗುವುದಿಲ್ಲ.

ಸತ್ವದ ಮಾತನ್ನು ಮೊದಲು ಮುಗಿಸೋಣ. 2012ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಆವರೆಗಿನ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ, ಸಾವಯವ ಆಹಾರ ಹೆಚ್ಚು ಪೌಷ್ಟಿಕ ಎನ್ನಲು ಬಲವಾದ ಪುರಾವೆ ಇಲ್ಲ ಎಂದರು. 2014ರಲ್ಲಿ 343 ಪ್ರಕಟಣೆಗಳನ್ನು ಪರಿಶೀಲಿಸಿದ ಇನ್ನೊಂದು ತಂಡಕ್ಕೆ ಸಾವಯವ ಬೆಳೆಗಳಲ್ಲಿ ಆ್ಯಂಟಿಆಕ್ಸಿಡೆಂಟ್ ಹೆಚ್ಚು, ಕ್ಯಾಡ್ಮಿಯಂ ಕಡಿಮೆ ಕಂಡಿತು. ಹಾಗಾಗಿ ಇದು ಇನ್ನೂ ತೀರ್ಮಾನವಾಗದ ವಿಷಯ. ಶೇಷದ ಮಾತು ಹೆಚ್ಚು ಸ್ಪಷ್ಟ: ಅದೇ ಸ್ಟ್ಯಾನ್‌ಫರ್ಡ್ ವಿಮರ್ಶೆಯಲ್ಲಿ ಶೇಷ ಪತ್ತೆಯಾದದ್ದು ಸಾಮಾನ್ಯ ಫಸಲಿನ ಮಾದರಿಗಳಲ್ಲಿ ಶೇ 38ರಷ್ಟು, ಸಾವಯವದಲ್ಲಿ ಶೇ 7ರಷ್ಟು. ವ್ಯತ್ಯಾಸ ದೊಡ್ಡದು, ಆದರೆ ಶೇ 7 ಸೊನ್ನೆಯಲ್ಲ. ನಿಮ್ಮ ಮಾನದಂಡವೂ ಸೊನ್ನೆ ಕೇಳುವುದಿಲ್ಲ. ಸಾಮಾನ್ಯ ಆಹಾರದ ಗರಿಷ್ಠ ಮಿತಿಯ ಶೇ 5 ಅಥವಾ ಪ್ರಯೋಗಾಲಯ ಅಳೆಯಬಲ್ಲ ಕನಿಷ್ಠ ಪ್ರಮಾಣ, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟಕ್ಕೆ ಅವಕಾಶವಿದೆ. ಸಾವಯವ ತೋಟದಲ್ಲಿ ಸಿಂಪಡಣೆಯೇ ಇಲ್ಲ ಎಂದೂ ಅಲ್ಲ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಷರತ್ತಿನ ಮೇಲೆ ಬಳಸಬಹುದು.

ಸಾಮಾನ್ಯ ಆಹಾರವನ್ನೂ ಒಂದೇ ಗಂಟಿಗೆ ಕಟ್ಟಲಾಗದು. ಹಾವೇರಿ, ಧಾರವಾಡ ಸೀಮೆಯ ಮೆಣಸಿನಕಾಯಿ ಗಿಡಕ್ಕೆ ನುಸಿ, ಥ್ರಿಪ್ಸ್ ಹತ್ತಿ ಎಲೆ ಮುಟುರಿಕೊಂಡರೆ ರೈತರು ಮತ್ತೆ ಮತ್ತೆ ಔಷಧಿ ಹೊಡೆಯಬೇಕಾಗುತ್ತದೆ. ಹಣ್ಣನ್ನು ಕಣದಲ್ಲಿ ಒಣಗಿಸುವಾಗ ನೀರಿನಂಶ ಹೋಗುತ್ತದೆ, ತೂಕ ಇಳಿಯುತ್ತದೆ. ಉಳಿದ ಶೇಷ ಆ ಕಡಿಮೆ ತೂಕದಲ್ಲಿ ಸಾಂದ್ರವಾಗುತ್ತದೆ. ಪುಡಿಯಾದ ಮೇಲೆ ತೊಳೆಯುವ ಮಾತೂ ಇಲ್ಲ. ಆದರೆ ಮಳೆಯಾಶ್ರಿತ ರಾಗಿಗೆ ಔಷಧಿ ಹೊಡೆಯುವವರು ಬಹಳ ಕಡಿಮೆ. ತಿಂಗಳ ದಿನಸಿಗೆ ಇಷ್ಟೇ ದುಡ್ಡು ಎಂದು ತೆಗೆದಿಟ್ಟ ಮನೆಯವರು ಸಾವಯವ ರಾಗಿಗೆ ಹೆಚ್ಚು ಕೊಟ್ಟು, ಖಾರದಪುಡಿ ಮಾತ್ರ ಸಿಕ್ಕಿದ್ದನ್ನು ತಂದರೆ ಆ ದುಡ್ಡಿಗೆ ಬರುವ ಪ್ರಯೋಜನ ಅಲ್ಪ. ಯಾವ ಬೆಳೆಯಲ್ಲಿ ಶೇಷ ಎಷ್ಟು ಎಂಬುದು ಗೊತ್ತಿದ್ದರೆ ತಾನೆ ಅವರು ಬೇರೆ ಲೆಕ್ಕ ಹಾಕುವುದು!

ಲೆಕ್ಕ ಬಯಲಿಗಿಟ್ಟರೆ ಜನ ಗಾಬರಿಬಿದ್ದಾರು, ರೈತರಿಗೆ ಪೆಟ್ಟಾದೀತು ಎಂಬ ಆಕ್ಷೇಪಣೆ ಇದೆ. 2024ರ ಏಪ್ರಿಲ್‌ನಲ್ಲಿ ಆದದ್ದನ್ನು ನೋಡಿ. ಭಾರತದ ಕೆಲವು ಮಸಾಲೆ ಪುಡಿಗಳಲ್ಲಿ ಎಥಿಲೀನ್ ಆಕ್ಸೈಡ್ ಎಂಬ ಕ್ರಿಮಿನಾಶಕ ಇದೆ ಎಂದು ಹಾಂಗ್‌ಕಾಂಗ್, ಸಿಂಗಪುರದ ಅಧಿಕಾರಿಗಳು ಹೇಳಿದಾಗ ಇಲ್ಲಿನ ಗ್ರಾಹಕರಿಗೆ ತಮ್ಮ ಡಬ್ಬಿಯ ಸುದ್ದಿ ಹೊರದೇಶದಿಂದ ಬಂತು. ಗಾಬರಿ ಹುಟ್ಟಿದ್ದು ಹಾಗೆ. ಮಿತಿ ಎಷ್ಟು, ಸಿಕ್ಕಿದ್ದೆಷ್ಟು ಎಂದು ಪಕ್ಕಪಕ್ಕದಲ್ಲಿ ಹೇಳುವ ಪಟ್ಟಿ ಇದ್ದರೆ ಮಿತಿಯೊಳಗೆ ಬೆಳೆದ ಸಾಮಾನ್ಯ ರೈತರಿಗೇ ಅದು ಆಸರೆ. ಇವತ್ತು ಹದವರಿತು ಔಷಧಿ ಬಳಸುವವರಿಗೂ ಸುರಿಯುವವರಿಗೂ ಮಾರುಕಟ್ಟೆಯಲ್ಲಿ ಒಂದೇ ಹೆಸರು. ಪರೀಕ್ಷೆ ದುಬಾರಿ ಎಂಬುದು ಇನ್ನೊಂದು ಆಕ್ಷೇಪಣೆ. ಅದು ನಿಜ. ಆದರೆ ಕೃಷಿ ಸಚಿವಾಲಯದ ಶೇಷ ಮಾಪನ ಯೋಜನೆ 2005-06ರಿಂದಲೇ ಇದೆ, ನಿಮ್ಮಲ್ಲೂ ಮಾದರಿ ತೆಗೆಯುವ ವ್ಯವಸ್ಥೆ ಇದೆ. ಮಾಡಿದ ಪರೀಕ್ಷೆಯ ಫಲಿತಾಂಶವನ್ನು ಜನರಿಗೆ ತಿಳಿಯುವ ಹಾಗೆ ಹೇಳಲು ಹೊಸ ಪ್ರಯೋಗಾಲಯ ಬೇಕಿಲ್ಲ. ಸಣ್ಣ ರೈತರ ಮೇಲೂ ಇದರಿಂದ ಹೊರೆ ಬೀಳದು. ನೇರ ಮಾರಾಟಕ್ಕೆ ಪ್ರಮಾಣೀಕರಣದಿಂದ ಈಗಿರುವ ವಿನಾಯಿತಿ ಹಾಗೆಯೇ ಇರಲಿ. ಮಾದರಿ ತೆಗೆಯುವ ಖರ್ಚು ಸರ್ಕಾರದ್ದಾಗಲಿ.

ಆದ್ದರಿಂದ ಕೋರಿಕೆ ಮೂರು. ಮೂರು ತಿಂಗಳಿಗೊಮ್ಮೆ ಪ್ರತಿ ರಾಜ್ಯದ ಬೆಳೆವಾರು ಶೇಷದ ಪಟ್ಟಿಯನ್ನು ಆಯಾ ರಾಜ್ಯದ ಭಾಷೆಯಲ್ಲಿ ಪ್ರಕಟಿಸಿ. ಅದರಲ್ಲಿ ಸಾವಯವ, ಸಾಮಾನ್ಯ ಎರಡಕ್ಕೂ ಅಂಕಣವಿರಲಿ. ಜೈವಿಕ್ ಭಾರತ್ ಮುದ್ರೆಯ ಕೆಳಗೆ, ಇದು ಬೆಳೆದ ಕ್ರಮದ ಪ್ರಮಾಣ ಎಂಬ ಒಂದು ಸಾಲು ಕಡ್ಡಾಯವಾಗಲಿ. ಪ್ರಮಾಣಪತ್ರವಿಲ್ಲದೆ ‘ಕೆಮಿಕಲ್ ಫ್ರೀ’ ಎಂದು ಬರೆದು ಸಾವಯವದ ಬೆಲೆ ವಸೂಲಿ ಮಾಡುವ ಅಂಗಡಿಗಳ ಮಾಲನ್ನು ಪರೀಕ್ಷೆಗೆ ಮೊದಲು ಎತ್ತಿಕೊಳ್ಳಿ. ಹೆಚ್ಚು ಬೆಲೆ ಕೊಡಲು ಸಿದ್ಧರಿರುವವರಿಗೆ ಕೊಟ್ಟದ್ದಕ್ಕೆ ಏನು ಸಿಕ್ಕಿತೆಂದು ಕೇಳುವ ಹಕ್ಕಿದೆ. ಕೊಡಲಾಗದೆ ಸಾಮಾನ್ಯ ಆಹಾರವನ್ನೇ ಉಣ್ಣುವ ಬಹುಪಾಲು ಜನರಿಗೆ ಆ ಹಕ್ಕು ಇನ್ನೂ ಹೆಚ್ಚು. ನಿಮ್ಮ ಪ್ರಾಧಿಕಾರ ಇರುವುದು ಮೊದಲಿಗೆ ಅವರಿಗಾಗಿ.

ಇತಿ ನಂಬುಗೆಯ,
ಒಬ್ಬ ಗ್ರಾಹಕ