ಮೂರೋ ನಾಲ್ಕೋ ಇರಲಿ, ಬೇಸಿಗೆ ಎಲ್ಲಿ?

ಏಪ್ರಿಲ್, ಮೇ ಬಂತೆಂದರೆ ತರೀಕೆರೆ ಸೀಮೆಯ ಕಲ್ಯಾಣ ಮಂಟಪಗಳಲ್ಲಿ ಬಿ.ಎಸ್‌ಸಿ. ಓದುವ ಹುಡುಗರು ಸಿಗುತ್ತಾರೆ. ನೆಂಟರಾಗಿ ಅಲ್ಲ, ಬಡಿಸುವವರಾಗಿ. ಬೆಳಿಗ್ಗೆ ತಿಂಡಿಗೆ ನಿಂತರೆ ಕೊನೇ ಪಂಕ್ತಿಯ ಮಜ್ಜಿಗೆವರೆಗೂ ಬಕೆಟ್ಟು ಕೆಳಗಿಡುವಂತಿಲ್ಲ. ಕೂಲಿ ಮಾತ್ರ ಅವತ್ತೇ ಕೈಗೆ ಬರುತ್ತದೆ. ಅದೇ ಹೊತ್ತಿಗೆ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಇವರದೇ ವಯಸ್ಸಿನ ಕೆಲವರು ವಿಜ್ಞಾನಿಗಳ ಪಕ್ಕ ಕೂತು ಕೆಲಸ ಕಲಿಯುತ್ತಿರುತ್ತಾರೆ. ಈ ಅಂತರಕ್ಕೆ ಬುದ್ಧಿಯೇ ಕಾರಣ ಎಂದು ನಂಬುವವರು ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು.

ರಾಜ್ಯದಲ್ಲಿ ಜಗಳ ನಡೆದದ್ದು ಬೇರೆ ಸಂಗತಿಗೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ತಂದೆವೆಂದು 2021ರಲ್ಲಿ ಒಂದು ಸರ್ಕಾರ ಬೀಗಿತು. ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಹಿಡಿದು 2024ರ ಮೇ ತಿಂಗಳಲ್ಲಿ ಇನ್ನೊಂದು ಸರ್ಕಾರ ನಾಲ್ಕು ವರ್ಷದ ಆನರ್ಸ್ ಬಿಟ್ಟು ಮೂರು ವರ್ಷಕ್ಕೆ ಮರಳಿತು. ಅವರಿಗೆ ನಾಲ್ಕನೇ ವರ್ಷವೆಂದರೆ ಸಂಶೋಧನೆಯ ಬಾಗಿಲು, ಇವರಿಗೆ ಬಡವರ ಮನೆ ಮೇಲೆ ಇನ್ನೊಂದು ಹೊರೆ. ನನಗೆ ಇವರ ಮಾತೇ ಸರಿ ಎನಿಸುತ್ತದೆ. ಆದರೆ ಹೊರೆ ಇಳಿಸಿದವರು ಬಾಗಿಲನ್ನೂ ಎಳೆದುಕೊಂಡು ಹೋದರು. ಮೂರು ವರ್ಷದ ಓದಿನ ನಡುವೆ ಎರಡು ಬೇಸಿಗೆ ಬರುತ್ತವೆ. ಅಮೃತಾಪುರದಿಂದ ಬಸ್ ಹತ್ತಿ ಕಾಲೇಜಿಗೆ ಹೋಗುವ ಹುಡುಗಿ ಆ ಎರಡು ಬೇಸಿಗೆಯಲ್ಲಿ ಏನು ಮಾಡಬೇಕೆಂದು ಎರಡೂ ಕಡೆಯವರು ಹೇಳಲಿಲ್ಲ.

ಅರ್ಜಿ ಹಾಕಲಿ ಎನ್ನುತ್ತಾರೆ. ಸರಿ, ಹಾಕೋಣ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸಿಕೊಂಡು ಬಂದಿರುವ ಬೇಸಿಗೆ ಫೆಲೋಶಿಪ್ ಇದೆ, ಅದಕ್ಕೆ ಹಿಂದಿನ ವರ್ಷದ ನವೆಂಬರ್ ಹೊತ್ತಿಗೇ ಅರ್ಜಿ ಹೋಗಬೇಕು. ಜೊತೆಗೆ ಮೇಷ್ಟರ ಶಿಫಾರಸು ಪತ್ರ. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಅತಿಥಿ ಉಪನ್ಯಾಸಕರಿಂದ, ರಾಜ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ. ಮುಂದಿನ ವರ್ಷ ತಾನೇ ಇರುತ್ತೇನೋ ಇಲ್ಲವೋ ತಿಳಿಯದ ಮೇಷ್ಟರು ಹುಡುಗಿಯ ಭವಿಷ್ಯಕ್ಕೆ ಜಾಮೀನು ಬರೆಯಬೇಕು. ಬರೆದರೂ ಬೆಂಗಳೂರಿನ ಹೆಸರುವಾಸಿ ಕಾಲೇಜಿನ ಪ್ರೊಫೆಸರ್ ಕಳಿಸಿದ ಪತ್ರದ ಪಕ್ಕ ಅದು ಎಲ್ಲಿ ನಿಲ್ಲುತ್ತದೆ? ಇಷ್ಟೆಲ್ಲ ದಾಟಿ ಆಯ್ಕೆಯಾದಳು ಅನ್ನಿ. ಕೋವಿಡ್ ಬಂದಮೇಲೆ ತಿಂಗಳುಗಟ್ಟಲೆ ಹಿಂದೆ ಸರಿದ ನಮ್ಮ ಸೆಮಿಸ್ಟರ್‌ಗಳ ದೆಸೆಯಿಂದ, ಸಂಸ್ಥೆಗಳು ಕರೆಯುವ ಹೊತ್ತಿಗೆ ಇವಳಿಗೆ ಪರೀಕ್ಷೆ ಬಂದಿರುತ್ತದೆ!

ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನವಿದೆ. ವರ್ಷಕ್ಕೆ 80,000 ರೂಪಾಯಿ, ಅದರಲ್ಲಿ 20,000 ಬೇಸಿಗೆ ಪ್ರಾಜೆಕ್ಟಿಗೆಂದೇ ಮೀಸಲು. ಒಳ್ಳೆಯ ಯೋಜನೆ, ಅನುಮಾನವಿಲ್ಲ. ಆದರೆ ಮುಖ್ಯವಾಗಿ ಅದು ಪಿಯುಸಿಯಲ್ಲಿ ಮಂಡಳಿಯ ಅಗ್ರ ಶೇ. 1ರೊಳಗೆ ಬಂದವರಿಗೆ. ಅಷ್ಟು ಅಂಕ ತೆಗೆದ ಎಷ್ಟೋ ಮಕ್ಕಳು ಮೆಡಿಕಲ್ಲು, ಎಂಜಿನಿಯರಿಂಗು ಅಂತ ಹೊರಟಿರುತ್ತಾರೆ. ಕಡೂರು, ಅಜ್ಜಂಪುರದ ಕಡೆ ವಿಜ್ಞಾನಕ್ಕೆ ಉಳಿದವರು ಉಳಿದ 99ರಲ್ಲಿ ಬರುವವರು.

ಈ 99ರವರಿಗಾಗಿ ಒಂದು ಮಾರುಕಟ್ಟೆ ಎದ್ದಿದೆ. ನಾಲ್ಕನೇ ಸೆಮಿಸ್ಟರ್ ನಂತರ 60ರಿಂದ 120 ಗಂಟೆಯ ಇಂಟರ್ನ್‌ಶಿಪ್ ಎಂದು 2024ರ ಜನವರಿಯಲ್ಲಿ ಯುಜಿಸಿ ಮಾರ್ಗಸೂಚಿ ಹೊರಡಿಸಿತು. ಗಂಟೆ ಎಣಿಸಿದರೇ ಹೊರತು ಜಾಗ ಹುಡುಕಿಕೊಡಲಿಲ್ಲ. ದುಡ್ಡು ಕಟ್ಟಿ, ಮೊಬೈಲಿನಲ್ಲಿ ನಾಲ್ಕು ವಿಡಿಯೊ ನೋಡಿ, ಸರ್ಟಿಫಿಕೇಟು ಇಳಿಸಿಕೊಳ್ಳಿ ಎನ್ನುವ ಅಂಗಡಿಗಳಿಗೆ ಇದು ಸುಗ್ಗಿ. ಕೆಲಸ ಮಾಡಿದವನಿಗೆ ಕೂಲಿ ಕೊಡುವುದು ಲೋಕರೂಢಿ. ಕೆಲಸವನ್ನೇ ಮಾಡದವನಿಂದ ಕೂಲಿ ಕಿತ್ತುಕೊಳ್ಳುವುದು ಇವರ ಹೊಸ ಶೋಧ.

ಜಾಗವಿಲ್ಲವೇ? ಭದ್ರಾ ಜಲಾಶಯದ ನೀರು ಇಳಿದಾಗ ಏಳುವ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುವುದು ಬೇಸಿಗೆಯಲ್ಲೇ; ಎಣಿಸಲು ಕಣ್ಣು ಬೇಕು. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಕಡೂರು ತಾಲೂಕಿನ ಬಾಸೂರು ಕಾವಲಿನಲ್ಲಿ ಕೃಷ್ಣಮೃಗಗಳಿವೆ. ಬಾಬಾಬುಡನ್ ಸಾಲಿನ ಕಬ್ಬಿಣದ ಕಲ್ಲು ಕೋಟ್ಯಂತರ ವರ್ಷ ಹಳೆಯದು, ಭದ್ರಾವತಿಯ ಕಾರ್ಖಾನೆಗೆ ಅದಿರು ಹೋದದ್ದು ನಮ್ಮ ಕೆಮ್ಮಣ್ಣುಗುಂಡಿಯಿಂದ. ಅಡಿಕೆಯ ಎಲೆಚುಕ್ಕಿ ರೋಗವನ್ನಂತೂ ಯಾರಾದರೂ ಬಂದು ನೋಡಲಿ ಎಂದು ತೋಟದವರೇ ಕಾಯುತ್ತಿದ್ದಾರೆ. ಲಕ್ಕವಳ್ಳಿಯ ಆಚೆಗೆ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯದ ಪ್ರಯೋಗಾಲಯಗಳಿವೆ. ಇಲ್ಲಿಯ ಕಾಲೇಜುಗಳು ಸೇರಿರುವುದು ಅದಕ್ಕೇ.

ಈ ಮಕ್ಕಳಿಗೆ ಪಿಪೆಟ್ ಹಿಡಿಯಲೂ ಬರುವುದಿಲ್ಲ ಎಂಬ ಗೊಣಗಾಟ ಕೇಳಿದ್ದೇನೆ. ಅಮೃತಾಪುರದ ಅಮೃತೇಶ್ವರ ಗುಡಿ 1196ರದು. ಅದರ ಮಂಟಪದ ಒಳಮಾಳಿಗೆಯ ಗುಮ್ಮಟಗಳನ್ನು ಕೆತ್ತುತ್ತಲೇ ರೂವಾರಿ ಮಲ್ಲಿತಮ್ಮ ಕೆಲಸ ಶುರುಮಾಡಿದ್ದು ಎನ್ನುತ್ತಾರೆ. ಮುಂದೆ ಸೋಮನಾಥಪುರದಲ್ಲೂ ಅವನ ಹೆಸರಿದೆ. ಗುಡಿ ಕಟ್ಟಿಸಿದ ದಂಡನಾಯಕ ಅಮಿತಯ್ಯ ಅನುಭವ ಪತ್ರ ಕೇಳಿದ್ದರೆ ಮಲ್ಲಿತಮ್ಮ ಎಲ್ಲಿಂದ ತರುತ್ತಿದ್ದ?

ಇನ್ನು ದುಡ್ಡು. 1977ರಿಂದಲೂ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ನೆರವು ಕೊಡುತ್ತಿದೆ, ಅದರ ಬಹುಪಾಲು ಎಂಜಿನಿಯರಿಂಗಿನವರಿಗೆ. ಬಿ.ಎಸ್‌ಸಿ.ಯವರು ಮಲಮಕ್ಕಳೇ? 2025-26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ನಮ್ಮಲ್ಲಿ 370 ರೂಪಾಯಿ ಇತ್ತು. ಬೇಸಿಗೆಯಲ್ಲಿ ಕೆಲಸ ಕಲಿಯಲು ಬರುವವರಿಗೂ ಅದೇ ಕೂಲಿಯೆಂದು ಎಂಟು ವಾರ, ವಾರಕ್ಕೆ ಆರು ದಿನ ಲೆಕ್ಕ ಹಾಕಿದರೆ 17,760. ಇನ್‌ಸ್ಪೈರ್‌ನ 20,000ಕ್ಕಿಂತಲೂ ಕಡಿಮೆ. ಅಷ್ಟು ಕೊಟ್ಟರೆ ಬಡಿಸುವ ಬಕೆಟ್ಟು ಬಿಟ್ಟು ಹುಡುಗ ಬರುತ್ತಾನೆ. ಕೊಡದೆ ಬಾ ಎಂದರೆ ಬರುವವರು ಮನೆಯಲ್ಲಿ ಅನುಕೂಲವಿದ್ದವರು ಮಾತ್ರ.

ಖಜಾನೆ ಖಾಲಿ ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ಪದವಿ ಮುಗಿಸಿ 180 ದಿನ ಕೆಲಸ ಸಿಗದವರಿಗೆ ಎರಡು ವರ್ಷದವರೆಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಯುವನಿಧಿಗೆ ಇದೇ ಸರ್ಕಾರ ದುಡ್ಡು ಹೊಂದಿಸಿದೆ. ಅದು ಇರಲಿ, ಬೇಡವೆನ್ನುತ್ತಿಲ್ಲ. ಕೆಲಸವಿಲ್ಲದೆ ಕೂತ ಮೇಲೆ ಕೊಡಬಲ್ಲವರು ಕೆಲಸ ಕಲಿಯುವಾಗ ಯಾಕೆ ಕೊಡಲಾರರು? ಆ ಹಣ ಹಂಚಲು 2024ರ ಜನವರಿ 12ರಂದು ಮುಖ್ಯಮಂತ್ರಿಗಳು ಬಂದದ್ದು ಶಿವಮೊಗ್ಗಕ್ಕೆ. ಅಲ್ಲಿಂದ ಶಂಕರಘಟ್ಟಕ್ಕೆ ಒಂದು ಗಂಟೆಯ ಬಸ್ ದಾರಿ.