ಸೈಕಲ್ ಸವಾರನಿಗೆ ಪರಿಹಾರ: ಅಪಘಾತ ಗಡಿಯ ಆಚೆ, ಅರ್ಜಿ ಈಚೆ

ಕಾಸರಗೋಡು: 2025ರ ಆಗಸ್ಟ್ 28ರಂದು ತಲಪಾಡಿಯಲ್ಲಿ ನಿಯಂತ್ರಣ ತಪ್ಪಿದ ಬಸ್ಸು ರಿಕ್ಷಾಕ್ಕೂ ಬಸ್ಸಿಗೆ ಕಾದು ನಿಂತಿದ್ದವರಿಗೂ ಬಡಿದು ಆರು ಮಂದಿ ಮೃತಪಟ್ಟರು. ನೆಲ ಕೇರಳದ್ದು, ಬಸ್ಸು ಕರ್ನಾಟಕ ಸಾರಿಗೆ ನಿಗಮದ್ದು, ಸತ್ತವರಲ್ಲಿ ಹೆಚ್ಚಿನವರು ದಕ್ಷಿಣ ಕನ್ನಡದವರು. ಪರಿಹಾರ ಯಾರು ಕೊಡಬೇಕು, ಯಾವ ಕೋರ್ಟಿನಲ್ಲಿ ಕೇಳಬೇಕು ಎಂಬ ಚರ್ಚೆ ಆಗ ಎರಡೂ ಕಡೆಯ ಹೋಟೆಲುಗಳಲ್ಲಿ ನಡೆಯಿತು. ಆರು ಜೀವ ಹೋದಾಗ ಮಾತ್ರ ಏಳುವ ಈ ಪ್ರಶ್ನೆ, ಸೈಕಲಿನಲ್ಲಿ ಹೋಗುವ ಕೂಲಿಯವನ ಕಾಲು ಮುರಿದಾಗ ಏಳುವುದಿಲ್ಲ. ಆಗ ಆಸ್ಪತ್ರೆಯ ಬೆಂಚಿನ ಮೇಲೆಯೇ ಎಲ್ಲ ತೀರ್ಮಾನವಾಗಿ ಹೋಗುತ್ತದೆ.

ಅದು ಹೇಗೆಂದು ಗಡಿನಾಡಿನವರಿಗೆ ವಿವರಿಸಬೇಕಾಗಿಲ್ಲ. ಕಾರಿನವನು ಪರಿಚಯದವನೇ, ಅಥವಾ ಪರಿಚಯದವನ ಪರಿಚಯ. ಊರಿನ ಹಿರಿಯರೊಬ್ಬರು ಬರುತ್ತಾರೆ. 'ಕೇಸು ಗೀಸು ಯಾಕೆ, ಮದ್ದಿನ ಖರ್ಚು ಅವರೇ ನೋಡಿಕೊಳ್ಳುತ್ತಾರೆ' ಎನ್ನುತ್ತಾರೆ. ಒಂದು ಕಾಗದಕ್ಕೆ ಸಹಿಯಾಗುತ್ತದೆ. ಮೊದಲ ಬಿಲ್ಲು ಪಾವತಿಯಾಗುತ್ತದೆ. ಎರಡನೇ ಶಸ್ತ್ರಚಿಕಿತ್ಸೆಗೆ ಹೋಗುವ ಹೊತ್ತಿಗೆ ಕಾರಿನವನ ಫೋನು ಸ್ವಿಚ್ ಆಫ್. ಈ ರಾಜಿಯಲ್ಲಿ ಉಳಿಯುವುದು ಕಾರಿನವನ ದುಡ್ಡೂ ಅಲ್ಲ, ವಿಮಾ ಕಂಪೆನಿಯ ದುಡ್ಡು. ರಸ್ತೆಗಿಳಿಯುವ ಪ್ರತಿ ಮೋಟಾರು ವಾಹನಕ್ಕೂ ಮೂರನೆಯವರ ಹಾನಿಗೆ ವಿಮೆ ಕಡ್ಡಾಯ. ಆ ಮೂರನೆಯವ ಎಂದರೆ ಸೈಕಲ್ ಸವಾರನೇ. ಹೀಗಿರುವಾಗ ನೆರೆಹೊರೆಯ ಸಂಬಂಧ ಕೆಡುತ್ತದೆಂದು ಕೇಸು ಬಿಡುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಾಯಾರಿನ ಕಾರ್ಮಿಕನೊಬ್ಬ ಕನ್ಯಾನದ ತೋಟಕ್ಕೆ ಅಡಿಕೆ ಕೊಯ್ಯಲು ಸೈಕಲಿನಲ್ಲಿ ಹೋಗುತ್ತಾನೆ. ಗಡಿ ದಾಟಿದ ಮೇಲೆ ಜೀಪೊಂದು ತಾಗಿ ಬೀಳುತ್ತಾನೆ. ಕೇಸು ದಾಖಲಾಗುವುದು ಕರ್ನಾಟಕದ ಠಾಣೆಯಲ್ಲಿ. ಹಾಗಾದರೆ ಪರಿಹಾರಕ್ಕಾಗಿ ಕರ್ನಾಟಕದ ಕೋರ್ಟಿಗೆ ಅಲೆಯಬೇಕೆ? ಬೇಡ. ಅಪಘಾತ ನಡೆದ ಸ್ಥಳ, ಅರ್ಜಿದಾರ ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳ, ಎದುರುವಾದಿ ವಾಸಿಸುವ ಸ್ಥಳ, ಇವುಗಳಲ್ಲಿ ಯಾವುದರ ನ್ಯಾಯಮಂಡಳಿಗೆ ಬೇಕಾದರೂ ಅರ್ಜಿ ಕೊಡಬಹುದೆಂದು ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಹೇಳುತ್ತದೆ. 1994ರ ತಿದ್ದುಪಡಿ ಕೊಟ್ಟ ಸವಲತ್ತು ಇದು. ಬಾಯಾರಿನವನಿಗೆ ಕಾಸರಗೋಡಿನ ನ್ಯಾಯಮಂಡಳಿ ಸಾಕು. ಅದೇ ರೀತಿ ಕನ್ಯಾನದವನು ಉಪ್ಪಳದಲ್ಲಿ ಬಿದ್ದರೆ ತನ್ನ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು.

ಗಡಿ ನಿಜವಾಗಿ ತೊಡಕಾಗುವುದು ಕೋರ್ಟಿನಲ್ಲಿ ಅಲ್ಲ, ಅದಕ್ಕಿಂತ ಮೊದಲು, ಕಾಗದದಲ್ಲಿ. ಮಂಜೇಶ್ವರದಲ್ಲೋ ಕುಂಬಳೆಯಲ್ಲೋ ಬಿದ್ದವನನ್ನು ಸೀದಾ ಮಂಗಳೂರಿಗೆ ಒಯ್ಯುತ್ತಾರೆ. 'ಸೈಕಲಿನಿಂದ ಬಿದ್ದದ್ದು' ಎಂದು ಜತೆಗೆ ಹೋದವರು ಗಡಿಬಿಡಿಯಲ್ಲಿ ಹೇಳಿದರೆ ಆಸ್ಪತ್ರೆಯ ದಾಖಲೆಯಲ್ಲಿ ಅದೇ ಬರೆದಿರುತ್ತದೆ. ಮುಂದೆ ವಿಮಾ ಕಂಪೆನಿಯ ವಕೀಲರು ಮೊದಲು ಎತ್ತಿ ಹಿಡಿಯುವುದು ಈ ಸಾಲನ್ನೇ. ವಾಹನ ತಾಗಿದ್ದೆಂದು, ಸಾಧ್ಯವಾದರೆ ನಂಬರ್ ಸಹಿತ, ಮೊದಲ ದಿನವೇ ಬರೆಸಬೇಕು. ಆಸ್ಪತ್ರೆಯಿಂದ ಮಾಹಿತಿ ಬರಲಿ ಎಂದು ಕಾಯದೆ ಅಪಘಾತ ನಡೆದ ಊರಿನ ಠಾಣೆಗೆ ಮನೆಯವರೇ ಹೋಗುವುದು ಒಳ್ಳೆಯದು. ಕೇರಳ ಪೊಲೀಸರ 'ತುಣ' ಜಾಲತಾಣದಲ್ಲಿ ಎಫ್‌ಐಆರ್ ಪ್ರತಿ ಸಿಗುತ್ತದೆ.

ಇನ್ನು ಭಾಷೆ. ನಮ್ಮಲ್ಲಿ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ ಎನ್ನುವವರು ಮನೆಗೊಬ್ಬರಿದ್ದಾರೆ. ಠಾಣೆಯಲ್ಲಿ ಮಲಯಾಳದಲ್ಲಿ ಬರೆದ ಹೇಳಿಕೆಗೆ ಕನ್ನಡದಲ್ಲಿ ಸಹಿ ಹಾಕಿ ಬರುತ್ತಾರೆ. ಸೈಕಲ್ ರಸ್ತೆಯ ಎಡಬದಿಯಲ್ಲಿತ್ತೋ, ಅಡ್ಡ ದಾಟುತ್ತಿತ್ತೋ ಎಂಬ ಒಂದು ವಾಕ್ಯದ ಮೇಲೆ ಪರಿಹಾರದ ಕಾಲು ಭಾಗವೋ ಅರ್ಧವೋ ನಿಂತಿರುತ್ತದೆ. ಹೇಳಿಕೆಯನ್ನು ಓದಿ ಹೇಳಿಸಿಕೊಳ್ಳುವುದು, ಎಫ್‌ಐಆರ್‌ನ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರನ ಹಕ್ಕು. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಇಲ್ಲಿನ ಕನ್ನಡಿಗರಿಗೆ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಲು ಅವಕಾಶ ಕೊಟ್ಟಿದೆ. ಹಾಗಾಗಿ ದೂರನ್ನು ಮನೆಯಲ್ಲೇ ಕನ್ನಡದಲ್ಲಿ ನಿಧಾನವಾಗಿ ಬರೆದು ಒಯ್ಯುವುದಕ್ಕೆ ಸಂಕೋಚ ಬೇಡ. ಭಾಷಾ ಹಕ್ಕಿನ ಬಗ್ಗೆ ಸಭೆಗಳಲ್ಲಿ ಬಹಳ ಮಾತಾಡುತ್ತೇವೆ, ಅದು ಬೇಕಾಗುವ ಜಾಗ ಇಂಥದ್ದು.

ದೂರು ದಾಖಲಾಗಿ ಚಾಲಕನ ಮೇಲೆ ದೋಷಾರೋಪ ಪಟ್ಟಿ ಸಲ್ಲಿಕೆಯಾದರೆ ಅರ್ಧ ಕೆಲಸ ಆದಂತೆ. ಚಾಲಕನ ನಿರ್ಲಕ್ಷ್ಯಕ್ಕೆ ಆ ಪಟ್ಟಿಯೇ ಮೇಲ್ನೋಟದ ಸಾಕ್ಷ್ಯವೆಂದು ಕೇರಳ ಹೈಕೋರ್ಟು 2011ರಲ್ಲಿ ಹೇಳಿದೆ. ಅದು ಸುಳ್ಳೆಂದು ತೋರಿಸುವ ಹೊಣೆ ಎದುರು ಕಡೆಯದು. ಸೈಕಲಿಗೆ ಲೈಟಿರಲಿಲ್ಲ, ಸವಾರ ಹೆಲ್ಮೆಟ್ ಹಾಕಿರಲಿಲ್ಲ ಎಂಬ ವಾದಗಳು ಬಂದೇ ಬರುತ್ತವೆ. ಹೆಲ್ಮೆಟ್ ಕಾನೂನು ಇರುವುದು ಮೋಟಾರು ಸೈಕಲಿಗೆ. ಲೈಟಿನ ವಿಷಯ ಮಾತ್ರ ಹಾಗಲ್ಲ, ಮುಂಜಾನೆ ಕತ್ತಲಲ್ಲಿ ಹೋಗುವವನ ವಿರುದ್ಧ ಅದು ಸ್ವಲ್ಪ ತೂಗೀತು.

ಈಗ ಲೆಕ್ಕಕ್ಕೆ ಬರೋಣ. ಎಷ್ಟೋ ಮಂದಿ ಪರಿಹಾರವೆಂದರೆ ಆಸ್ಪತ್ರೆ ಬಿಲ್ಲು ಎಂದು ತಿಳಿದಿದ್ದಾರೆ. ದೊಡ್ಡ ಮೊತ್ತ ಇರುವುದು ಮುಂದೆ ದುಡಿಯಲಾಗದ ನಷ್ಟದಲ್ಲಿ. ಅದಕ್ಕೆ ಸುಪ್ರೀಂ ಕೋರ್ಟು 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲಿ ವಯಸ್ಸಿಗೆ ತಕ್ಕ ಗುಣಕಗಳನ್ನು ನಿಗದಿ ಮಾಡಿದೆ: 41ರಿಂದ 45 ವರ್ಷದವರಿಗೆ 14, 51ರಿಂದ 55ರವರಿಗೆ 11, ಹೀಗೆ. ನಮ್ಮ ಬಾಯಾರಿನವನಿಗೆ 42 ವರ್ಷ, ತಿಂಗಳ ಆದಾಯ 12,000 ರೂಪಾಯಿ ಎಂದು ಕೋರ್ಟು ಒಪ್ಪಿತೆನ್ನಿ. ವೈದ್ಯರು ಶೇಕಡಾ 20ರಷ್ಟು ಊನ ಎಂದು ಬರೆದಿದ್ದಾರೆ. ಹನ್ನೆರಡು ತಿಂಗಳು, ಗುಣಕ 14, ಅದರ ಶೇಕಡಾ 20: ಒಟ್ಟು 4,03,200 ರೂಪಾಯಿ. ಆದರೆ ಮಂಡಿ ಮಡಚಲಾಗದವನು ಅಡಿಕೆ ಮರ ಹತ್ತುವುದು ಹೇಗೆ? ಅವನ ದುಡಿಮೆ ಹೋದದ್ದು ಶೇಕಡಾ 20 ಅಲ್ಲ. ಅದನ್ನು ಶೇಕಡಾ 60 ಎಂದು ಕೋರ್ಟು ಕಂಡರೆ ಮೊತ್ತ 12,09,600 ಆಗುತ್ತದೆ.

ಇದು ಆಸೆಯ ಮಾತಲ್ಲ. ಕರ್ನಾಟಕ ಹೈಕೋರ್ಟಿನಲ್ಲಿದ್ದು ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಪೀಠ 2010ರಲ್ಲಿ ರಾಜ್‌ಕುಮಾರ್ ಪ್ರಕರಣದಲ್ಲಿ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿತು. ಎಡಗೈ ಹೋದರೆ ಬಡಗಿಗೋ ಚಾಲಕನಿಗೋ ಬಹುತೇಕ ಎಲ್ಲವೂ ಹೋದಂತೆ, ಗುಮಾಸ್ತನಿಗೆ ಹಾಗಲ್ಲ ಎಂಬುದು ಅದರ ತಾತ್ಪರ್ಯ. ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬರು ಕಾಲು ಕಳೆದುಕೊಂಡ ಪ್ರಕರಣದಲ್ಲಿ ಹೈಕೋರ್ಟು ಶೇಕಡಾ 65 ಎಂದದ್ದನ್ನು ಸುಪ್ರೀಂ ಕೋರ್ಟು 2014ರಲ್ಲಿ ಶೇಕಡಾ 85ಕ್ಕೆ ಏರಿಸಿ, ದಾಖಲೆ ಇಲ್ಲದಿದ್ದರೂ 6,500 ರೂಪಾಯಿ ಮಾಸಿಕ ಆದಾಯವನ್ನು ಒಪ್ಪಿತು. ಕೂಲಿಯವನಿಗೆ ಸಂಬಳ ಚೀಟಿ ಎಲ್ಲಿಂದ ಬರಬೇಕು? ತೋಟದ ಧಣಿಗಳು ಸಾಕ್ಷಿ ಹೇಳಿದರೆ ಉಪಕಾರ, ಆದರೆ ಕೋರ್ಟು ಎಂದರೆ ಧಣಿಗಳಿಗೂ ಹೆದರಿಕೆ. ವೈದ್ಯರ ಕತೆಯೂ ಅದೇ. ಮಂಗಳೂರಿನ ಸರ್ಜನ್ ಕಾಸರಗೋಡಿಗೆ ಬಂದು ಅರ್ಧ ದಿನ ಕಾಯಲು ಒಪ್ಪುವುದು ಕಷ್ಟ. ಅಂಥವರ ಸಾಕ್ಷ್ಯವನ್ನು ಕಮಿಷನ್ ಮೂಲಕ ಪಡೆಯಬಹುದೆಂದು ರಾಜ್‌ಕುಮಾರ್ ತೀರ್ಪಿನಲ್ಲೇ ಇದೆ.

ತುರ್ತಾಗಿ ತಿಳಿಯಬೇಕಾದದ್ದು ಅವಧಿಯ ಪ್ರಶ್ನೆ. 1994ರಲ್ಲಿ ತೆಗೆದುಹಾಕಿದ್ದ ಕಾಲಮಿತಿ 2022ರ ಏಪ್ರಿಲ್ 1ರಿಂದ ಮತ್ತೆ ಬಂದಿದೆ. ಅಪಘಾತವಾಗಿ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಇದನ್ನು ಪ್ರಶ್ನಿಸಿದ ಪ್ರಕರಣದಲ್ಲಿ, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ನೀಡಿತು. ಮಧ್ಯಂತರ ಆದೇಶವನ್ನು ನಂಬಿ ಕೂರುವುದು ಬೇಡ. 'ಕಾಲು ಸರಿಯಾಗಲಿ, ಆಮೇಲೆ ನೋಡುವಾ' ಎನ್ನುವ ನಮ್ಮ ಅಭ್ಯಾಸ ಇಲ್ಲಿ ದುಬಾರಿಯಾದೀತು.

ಗಂಭೀರ ಗಾಯಕ್ಕೆ ಯಾರ ತಪ್ಪೆಂದು ಸಾಬೀತು ಮಾಡದೆಯೇ 2.5 ಲಕ್ಷ ರೂಪಾಯಿ ಕೊಡುವ 164ನೇ ಕಲಂ ಕೂಡ ಅದೇ ತಿದ್ದುಪಡಿಯಲ್ಲಿದೆ. ಬೇಗ ಸಿಗುವ ಹಣವೆಂದು ಸಹಿ ಹಾಕುವ ಮೊದಲು ಯೋಚಿಸಬೇಕು, ಅದನ್ನು ಸ್ವೀಕರಿಸಿದರೆ ಮೇಲೆ ಹೇಳಿದ ದೊಡ್ಡ ಅರ್ಜಿ ಬಿದ್ದುಹೋಗುತ್ತದೆ. ಸಣ್ಣ ಮುರಿತವಾದರೆ ಇದು ಸಾಕಾದೀತು, ಮರ ಹತ್ತುವವನ ಮಂಡಿಗೆ ಸಾಲದು. ವಕೀಲರಿಗೆ ಕೊಡಲು ಹಣವಿಲ್ಲ ಎನ್ನುವ ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಹಾಗೂ ಅಂಗವಿಕಲರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಪಡೆಯಬಹುದು. ಅವರಿಗೆ ಆದಾಯದ ಮಿತಿ ಇಲ್ಲ.

ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ದಾರಿ ಬೇರೆ. 2022ರ ಯೋಜನೆಯಂತೆ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50,000 ರೂಪಾಯಿ. ಇದಕ್ಕೆ ಅರ್ಜಿ ಹೋಗುವುದು ಕೋರ್ಟಿಗಲ್ಲ, ಕಂದಾಯ ಅಧಿಕಾರಿಗೆ, ಮಂಜೂರು ಮಾಡುವವರು ಜಿಲ್ಲಾಧಿಕಾರಿ. 50,000ಕ್ಕೆ ಇಂದಿನ ಆಸ್ಪತ್ರೆಯಲ್ಲಿ ಏನು ಬರುತ್ತದೆಂದು ಎಲ್ಲರಿಗೂ ಗೊತ್ತು. ಆದ್ದರಿಂದಲೇ ನಂಬರ್ ಬೇಕು. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ಹೆದ್ದಾರಿ ಬಂದ ಮೇಲೆ ಸೈಕಲಿನವರ ಪಾಲಿಗೆ ಉಳಿದದ್ದು ಪಕ್ಕದ ಸರ್ವೀಸ್ ರಸ್ತೆ. ಅಲ್ಲಿನ ಅಂಗಡಿಗಳ ಸಿಸಿ ಕ್ಯಾಮರಾ ದೃಶ್ಯಗಳು ಹೆಚ್ಚು ದಿನ ಉಳಿಯುವುದಿಲ್ಲ, ಅಪಘಾತವಾದ ದಿನವೇ ಅಂಗಡಿಯವರಲ್ಲಿ ಹೇಳಿಡಬೇಕು. ಮುರಿದ ಸೈಕಲನ್ನೂ ಪೊಲೀಸರು ಮಹಜರು ಮಾಡಿ ಮುಗಿಸುವ ಮೊದಲು ಗುಜರಿಗೆ ಹಾಕಬಾರದು. ಹಿಂದಿನ ಚಕ್ರ ಬಾಗಿದೆಯೋ ಮುಂದಿನದೋ ಎಂಬುದರಿಂದಲೇ ವಾಹನ ಯಾವ ಕಡೆಯಿಂದ ಬಂತೆಂದು ತಿಳಿಯುತ್ತದೆ.