ಕರಟದ ಇದ್ದಲೂ ಬಣ್ಣದ ನೀರೂ

ತೆಂಗಿನ ಕರಟ, ಕಡಲೆಕಾಯಿ ಸಿಪ್ಪೆ, ಕಬ್ಬಿನ ಸಿಪ್ಪೆ ಮುಂತಾದ ಕಸದಿಂದ ಒಂದು ಬಗೆಯ ಇದ್ದಲನ್ನು ತಯಾರಿಸಿ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ನೀರನ್ನು ತಿಳಿಗೊಳಿಸಬಹುದೆಂಬ ಸಂಗತಿಯು ನಮ್ಮ ಗ್ರಾಮಾಂತರಗಳಲ್ಲಿಯೂ ಪ್ರಚುರವಾಗಿರುತ್ತದೆ. ಇದು ನಿಜವೇ. ಆದರೆ ಈ ನಿಜದಿಂದ ಕೆಲವರು ಎಳೆಯುವ ತೀರ್ಮಾನವು ನನಗೆ ಭಯವನ್ನುಂಟುಮಾಡಿರುವುದರಿಂದ, ಗ್ರಾಮದ ಮುಖಂಡರೂ ಜಮೀನುದಾರರೂ ಆದ ವಾಚಕ ಮಹಾಶಯರ ಅವಗಾಹನೆಗೆ ಈ ನಾಲ್ಕು ಮಾತುಗಳನ್ನು ತರುತ್ತೇನೆ.

ಒಲೆಯ ಇದ್ದಲು ಬೇರೆ, ಈ ಇದ್ದಲು ಬೇರೆ. ಕರಟವನ್ನು ಗಾಳಿ ಹೆಚ್ಚಾಗಿ ಸೋಕದಂತೆ ಸುಟ್ಟು, ಬಂದ ಇದ್ದಲನ್ನು ಪುನಃ 800ರಿಂದ 1000 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಉಗಿಗೆ ಒಡ್ಡಿದರೆ, ಅದರ ಮೈಯಲ್ಲೆಲ್ಲಾ ಕಣ್ಣಿಗೆ ಕಾಣದ ರಂಧ್ರಗಳು ಉಂಟಾಗುತ್ತವೆ. ಆಕ್ಟಿವೇಟೆಡ್ ಕಾರ್ಬನ್ ಎನ್ನುವುದು ಇದನ್ನೇ. ಒಳ್ಳೆಯ ಜಾತಿಯದಾದರೆ ಒಂದು ಗ್ರಾಮಿನ ಒಳಮೈ ಸುಮಾರು 1000 ಚದರ ಮೀಟರು, ಎಂದರೆ ಕಾಲು ಎಕರೆಯಷ್ಟು. ಬಣ್ಣದ ಕಣಗಳು ಆ ಮೈಗೆ ಅಂಟಿಕೊಂಡು ನಿಲ್ಲುತ್ತವೆ. ಕರಟದ ಇದ್ದಲಿನ ರಂಧ್ರಗಳು ಬಹಳ ಸಣ್ಣವು. ದೊಡ್ಡ ಕಣಗಳ ಬಣ್ಣಗಳಿಗೆ, ರಂಧ್ರಗಳು ಅಗಲವಾಗುವಂತೆ ರಂಜಕಾಮ್ಲದಿಂದ ಪಟುಗೊಳಿಸಿದ ಇದ್ದಲೇ ಮೇಲು. ಭತ್ತದ ಹೊಟ್ಟಿನಲ್ಲಿ ಬೂದಿಯ ಅಂಶ ಹೆಚ್ಚು. ಇದೆಲ್ಲಾ ಹಿತ್ತಲಿನ ಗುಂಡಿಯಲ್ಲಿ ಆಗತಕ್ಕ ಕೆಲಸವಲ್ಲ.

ಕೆಲವು ಕಾಲದ ಹಿಂದೆ ಜಮೀನುದಾರರೊಬ್ಬರು ನನ್ನನ್ನು ತಮ್ಮ ತೋಟಕ್ಕೆ ಕರೆದುಕೊಂಡು ಹೋದರು. ನೆರೆಯ ಬಣ್ಣದ ಘಟಕದವರು ಇದ್ದಲಿನಲ್ಲಿ ಸೋಸಿದ ನೀರನ್ನು ಕಾಲುವೆಗೆ ಬಿಡುತ್ತಿದ್ದರು. ಗಾಜಿನ ಲೋಟದಲ್ಲಿ ಹಿಡಿದು, "ನೋಡಿ ಸ್ವಾಮಿ, ಎಳನೀರಿನಂತಿದೆ" ಎಂದರು. ನೋಟಕ್ಕೆ ಹಾಗೆಯೇ ಇತ್ತು. ಆದರೆ ಹುರುಳಿಕಾಯಿಯ ಎಲೆಯಂಚು ಸುಟ್ಟಿತ್ತು. ಮಡಿಯ ಮಣ್ಣು ಒಣಗಿ ಹೆಂಚಿನಂತೆ ಗಟ್ಟಿಯಾಗಿತ್ತು.

ಕಾರಣವು ಉಪ್ಪು. ಹತ್ತಿಯ ಬಟ್ಟೆಗೆ ರಿಯಾಕ್ಟಿವ್ ಜಾತಿಯ ಬಣ್ಣವನ್ನು ಹಿಡಿಸಲು ತೊಟ್ಟಿಯ ಪ್ರತಿ ಲೀಟರು ನೀರಿಗೆ ಹತ್ತಾರು ಗ್ರಾಂ ಅಡಿಗೆ ಉಪ್ಪನ್ನಾಗಲಿ ಸೋಡಿಯಂ ಸಲ್ಫೇಟನ್ನಾಗಲಿ ಹಾಕುತ್ತಾರೆ. ಬಣ್ಣದ ಬಹುಪಾಲು ಬಟ್ಟೆಯಲ್ಲಿ ನಿಲ್ಲುತ್ತದೆ. ಉಪ್ಪು ಸಮಸ್ತವೂ ನೀರಿನೊಡನೆ ಹೊರಬೀಳುತ್ತದೆ. ಇದ್ದಲು ಬಣ್ಣವನ್ನು ಹಿಡಿಯುತ್ತದೆಯೇ ಹೊರತು ಉಪ್ಪನ್ನು ಹಿಡಿಯುವುದಿಲ್ಲ. ಬಣ್ಣವಿದ್ದಾಗ ರೈತನು ಕಂಡು ಹೆದರಿ ನೀರನ್ನು ಬೇರೆಡೆಗೆ ತಿರುಗಿಸುತ್ತಿದ್ದನು. ತಿಳಿಯಾದ ಮೇಲೆ ನಂಬಿ ಹಾಯಿಸುತ್ತಾನೆ. ಒಂದು ಲೀಟರಿನಲ್ಲಿ ಎರಡು ಗ್ರಾಂ ಉಪ್ಪಿದ್ದರೂ, ಎಕರೆಗೆ ಒಂದಂಗುಲ ನೀರು ಕಟ್ಟಿದಾಗ ಸುಮಾರು ಎರಡು ಕ್ವಿಂಟಾಲು ಉಪ್ಪನ್ನು ಚೆಲ್ಲಿದಂತಾಯಿತು. ಯಾವ ಜಮೀನುದಾರನು ಮೂಟೆ ಬಿಚ್ಚಿ ಹೀಗೆ ಚೆಲ್ಲಿಯಾನು?

ತಮಿಳುನಾಡಿನ ತಿರುಪ್ಪೂರಿನ ಕೆಳಗೆ ನೊಯ್ಯಲ್ ಹೊಳೆಗೆ ಒರತ್ತುಪಾಳಯಂ ಎಂಬಲ್ಲಿ ಕಟ್ಟಿದ ಅಣೆಕಟ್ಟು ಬೇಸಾಯಕ್ಕೆಂದೇ ಆದದ್ದು. ಬಣ್ಣದ ಕಾರ್ಖಾನೆಗಳ ನೀರು ಅಲ್ಲಿ ತುಂಬಿ, ಅಚ್ಚುಕಟ್ಟಿನ ರೈತರೇ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಹೊರಗೆ ಒಂದು ತೊಟ್ಟೂ ಬಿಡದಂತೆ ಶುದ್ಧೀಕರಣದ ಏರ್ಪಾಡಾಗುವವರೆಗೆ ಆ ಕಾರ್ಖಾನೆಗಳನ್ನು ಮುಚ್ಚತಕ್ಕದ್ದೆಂದು 2011ನೆಯ ಇಸವಿ ಜನವರಿಯಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವು ಆಜ್ಞೆ ಮಾಡಿತು. ಬಳ್ಳಾರಿಯ ಜೀನ್ಸ್ ಬಟ್ಟೆ, ದೊಡ್ಡಬಳ್ಳಾಪುರದ ಮಗ್ಗ ಇವುಗಳಿಂದ ಬದುಕುವ ನಮ್ಮ ಜಿಲ್ಲೆಗಳವರು ಇದನ್ನು ನೆರೆಮನೆಯ ಸುದ್ದಿಯೆಂದು ತಳ್ಳಿಬಿಡಲಾಗದು.

ಹಾಗೆಂದು ಇದ್ದಲನ್ನು ನಾನು ಹಳಿಯುವವನಲ್ಲ. ನೀರಿನ ಉಪ್ಪನ್ನು ತೆಗೆಯುವ ರಿವರ್ಸ್ ಆಸ್ಮೋಸಿಸ್ ಯಂತ್ರದ ಪೊರೆಗಳು ಕೆಡದಂತೆ ಮುಂಚಿತವಾಗಿ ನೀರನ್ನು ಸೋಸಲು ಅದು ಉಪಯುಕ್ತ. ತಿಪಟೂರು ಕಡೆಯ ಕರಟಕ್ಕೆ ಅದರಿಂದ ಬೆಲೆಯೂ ಬರುತ್ತದೆ. ಆದರೆ ಬಣ್ಣ ಹೀರಿ ದಣಿದ ಇದ್ದಲನ್ನು ತಿಪ್ಪೆಗೆ ಹಾಕಕೂಡದು, ಮಳೆಗೆ ಬಣ್ಣವು ಮತ್ತೆ ಬಿಡಬಹುದು. ಅದನ್ನು ಕಾರ್ಖಾನೆಯವರೇ ಹಿಂದಕ್ಕೆ ಒಯ್ಯತಕ್ಕದ್ದು.

ತಮ್ಮ ಗ್ರಾಮದಲ್ಲಿ ಇಂಥ ಘಟಕದವರು ಒಪ್ಪಿಗೆ ಕೇಳಲು ಬಂದಾಗ, ನೀರಿನ ಬಣ್ಣವನ್ನಲ್ಲದೆ ಉಪ್ಪಿನ ಲೆಕ್ಕವನ್ನೂ ಬರಹದಲ್ಲಿ ಕೇಳಬೇಕು. ವಿದ್ಯುದ್ವಾಹಕತೆಯು ಮೀಟರಿಗೆ 3 ಡೆಸಿಸೀಮೆನ್ಸಿಗಿಂತ ಮೇಲಿದ್ದರೆ ಸಾಮಾನ್ಯ ಪೈರುಗಳಿಗೆ ಆ ನೀರು ಸಲ್ಲದು. ಅಷ್ಟರವರೆಗೆ ಕಾಯಲಾಗದವರು ಒಂದು ಲೀಟರನ್ನು ಬಾಣಲೆಯಲ್ಲಿಟ್ಟು ಪೂರ್ತಿ ಇಂಗಿಸಿ, ತಳದಲ್ಲಿ ಉಳಿದುದನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿಸಲಿ. ಎರಡು ಗ್ರಾಂ ಮುಟ್ಟಿದರೆ ತೂಬನ್ನು ಮುಚ್ಚಿ, ತೊಳೆದ ಶೀಸೆಯಲ್ಲಿ ಅರ್ಧ ಲೀಟರು ನೀರನ್ನೂ ಒಂದು ಹಿಡಿ ಮಣ್ಣನ್ನೂ ಹತ್ತಿರದ ಮಣ್ಣು ಪರೀಕ್ಷಾ ಕೇಂದ್ರಕ್ಕೆ ತರಲಿ.